ದೀಪದ ಹುಡುಗಿಗೆ ಎಷ್ಟು ಅಂಕ

ನಲವತ್ತೆರಡು ವರ್ಷ ಹಾರ್ಮೋನಿಯಂ ಮುಂದೆ ಕೂತವನು ನಾನು. ಅರಸೀಕೆರೆ ತಾಲ್ಲೂಕಿನಲ್ಲಿ ಡ್ರಾಮಾ ಮೇಷ್ಟ್ರು ದ್ಯಾವಯ್ಯ ಅಂದರೆ ಈಗಲೂ ನಾಲ್ಕು ಜನ ಎದ್ದು ಬೆಂಚು ಬಿಡುತ್ತಾರೆ. ಹಳೇಬೀಡಿನಲ್ಲಾಗಲಿ ಬೇಲೂರಿನಲ್ಲಾಗಲಿ ಪೌರಾಣಿಕ ನಾಟಕಗಳ ಸ್ಪರ್ಧೆ ನಡೆದರೆ ತೀರ್ಪುಗಾರರ ಮೇಜಿನ ಹಿಂದೆ ಒಂದು ಕುರ್ಚಿ ನನ್ನದು. ಕಂಠಕ್ಕೆ ಇಪ್ಪತ್ತೈದು, ಮಾತಿಗೆ ಇಪ್ಪತ್ತೈದು, ಅಭಿನಯಕ್ಕೆ ಇಪ್ಪತ್ತೈದು, ವೇಷಕ್ಕೆ ಹದಿನೈದು, ಶಿಸ್ತಿಗೆ ಹತ್ತು. ಯಾರ ಮುಲಾಜಿಗೂ ಬಿದ್ದವನಲ್ಲ. ಗೆಂಡೆಹಳ್ಳಿ ಕಡೆಯ ಒಬ್ಬ ಸಾಹುಕಾರ ಗದೆ ಹೊತ್ತು ಬಂದು ಹಾಡಿದಾಗ ಕಂಠಕ್ಕೆ ಮೂರು ಅಂಕ ಕೊಟ್ಟೆ. ಮಾರನೆಯ ದಿನ ಕಾರಿನಲ್ಲಿ ಮನೆತನಕ ಬಂದು ಯಾಕೆ ಅಂತ ಕೇಳಿದ. ನಿಮ್ಮ ಕಾರಿನ ಹಾರನ್ನಿಗಾದರೆ ಐದು ಕೊಡುತ್ತಿದ್ದೆ ಅಂದೆ.

ಇಂಥವನ ಮುಂದೆ, 2009ರ ಏಪ್ರಿಲ್ ತಿಂಗಳಲ್ಲಿ, ನನ್ನ ಸೊಸೆ ಮಂಜುಳಾ ಒಂದು ಜಪಾನಿನ ಕಾರ್ಟೂನನ್ನು ತಂದಿಟ್ಟು ತೀರ್ಪು ಹೇಳಿ ಅಂದಳು.

ಮಂಜುಳಾ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ನನ್ನ ಮಗ ರವಿಕುಮಾರ ತೀರಿಕೊಂಡ ಮೇಲೆ ಅವನ ಕೆಲಸ ಅವಳಿಗೆ ಬಂತು. ಅವರ ಮಗಳು ಹೇಮಾಶ್ರೀ ಆಗ ತಾನೇ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ರೈಲ್ವೆ ಸ್ಟೇಷನ್ ಹಿಂದಿನ ಎರಡು ಕೋಣೆಯ ಮನೆಯಲ್ಲಿ ನಾವು ಮೂವರೇ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ರವಿಯ ಫೋಟೋ, ಫೋಟೋದ ಕೆಳಗೆ ಕಂಪ್ಯೂಟರ್.

"ಹಗಲೆಲ್ಲ ಅದನ್ನೇ ನೋಡ್ತಾಳೆ ಮಾವ. ಬರೀ ರಕ್ತ, ಬರೀ ಹೆಣ. ಮೊನ್ನೆ ಹಿಂದೆ ನಿಂತು ನೋಡ್ದೆ, ಸತ್ತೋನು ಎದ್ದುಬಂದು ಮನೆ ಬಾಗಿಲು ತಟ್ತಾನೆ. ನನ್ನ ಎದೆ ಧಸಕ್ ಅಂತು. ಅಪ್ಪ ಇಲ್ದಿರೋ ಮಗು, ತಲೆ ಕೆಟ್ಟು ಏನಾದ್ರೂ ಮಾಡ್ಕೊಂಡ್ರೆ ನಾನೇನ್ ಮಾಡ್ಲಿ? ನೀವು ಪೂರ್ತಿ ನೋಡಿ ಹೇಳಿ. ಕೆಟ್ಟದ್ದು ಅಂದ್ರೆ ಆ ಸೀಡಿಗಳನ್ನೆಲ್ಲ ಬಚ್ಚಲೊಲೆಗೆ ಹಾಕ್ತೀನಿ."

"ನೀನೇ ಹೇಳವ್ವ. ನಂಗ್ಯಾಕೆ ಇದೆಲ್ಲ."

"ನನ್ನ ಮಾತೆಲ್ಲಿ ಕೇಳ್ತಾಳೆ? ನೀವಾದ್ರೆ ಸುಳ್ಳು ಹೇಳೋರಲ್ಲ ಅಂತ ಅವಳಿಗೂ ಗೊತ್ತು."

ಆ ಮಾತಿಗೆ ಅವಳ ಮುಖ ನೋಡಲಾಗದೆ ಕನ್ನಡಕ ಒರೆಸತೊಡಗಿದೆ. ಯಾಕೆ ಅಂತ ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಕೊನೆಯ ದೃಶ್ಯದಲ್ಲಿ ಪರದೆ ಎಳೆಯುವ ಚಾಳಿ ನನಗಿಲ್ಲ.

ಅದಕ್ಕೆ ಮೂರು ವರ್ಷ ಮೊದಲು, ಕಣಕಟ್ಟೆಯ ಆಚೆ ಒಂದು ಹಳ್ಳಿಯಲ್ಲಿ ನಾನು ಕಲಿಸಿದ ನಾಟಕ ನಡೆಯುತ್ತಿತ್ತು. ಅದೇ ರಾತ್ರಿ ಅರಸೀಕೆರೆಯಲ್ಲಿ ರವಿಗೆ ಎದೆನೋವು ಬಂತು. ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಹೋಗಿಬಿಟ್ಟಿದ್ದ. ನಲವತ್ತೊಂದು ವರ್ಷ ಅವನಿಗೆ. ನನ್ನ ಹತ್ತಿರ ಆಗ ಮೊಬೈಲ್ ಇರಲಿಲ್ಲ. ಮಂಜುಳಾ ಹೆಣದ ಪಕ್ಕದಿಂದ ಏಳುವ ಹಾಗಿರಲಿಲ್ಲ. ಆ ಹಳ್ಳಿಯ ದಾರಿ ಗೊತ್ತಿದ್ದವಳು ಹೇಮಾಶ್ರೀ ಒಬ್ಬಳೇ. ಭಾನುವಾರಗಳಲ್ಲಿ ನನ್ನ ಜೊತೆ ತಾಲೀಮಿಗೆ ಬಂದು, ನಾಟಕದ ಪುಸ್ತಕದ ಹಾಳೆ ತಿರುವಿ ಕೊಡುತ್ತಿದ್ದಳು. ಹದಿನಾಲ್ಕು ವರ್ಷದ ಆ ಹುಡುಗಿಯನ್ನೇ ಪಕ್ಕದ ಮನೆಯವರ ಆಟೋದಲ್ಲಿ ಕಳಿಸಿದರು. ಆಟೋದವನು ಊರ ಹೊರಗೆ ನಿಲ್ಲಿಸಿಕೊಂಡು ಅಲ್ಲೇ ನಿದ್ದೆಹೋದ. ಅವಳು ಜನರ ಮಧ್ಯೆ ತೂರಿಕೊಂಡು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಕಿವಿಯಲ್ಲಿ ಹೇಳಿದಳು. "ತಾತ, ಅಪ್ಪ ತೀರ್ಕೊಂಡ್ತು. ಬಾ."

ನನ್ನ ಬೆರಳು ನಿಲ್ಲಲಿಲ್ಲ. ಎಡಗೈಯಲ್ಲಿ ತಿದಿ ಒತ್ತುತ್ತಲೇ ಗಲ್ಲ ಆಡಿಸಿ ಸನ್ನೆ ಮಾಡಿದೆ: ಅಲ್ಲಿ, ತಬಲದವನ ಪಕ್ಕ ಕೂತುಕೋ ಅಂತ. ಅವಳು ಕೂತಳು. ಮೂರೂವರೆ ಗಂಟೆ ಕೂತಿದ್ದಳು.

ಕಾರಣ ಕೇಳಿದರೆ ಬೇಕಾದಷ್ಟಿವೆ. ಪರದೆ ಎದ್ದ ಮೇಲೆ ಸಾವಿನ ಸುದ್ದಿ ರಂಗದ ಹತ್ತಿರ ಬಂದರೆ ನಾಟಕ ಅಲ್ಲಿಗೇ ನಿಲ್ಲುತ್ತದೆ. ಇಪ್ಪತ್ತೆಂಟು ಜನ ಪಾತ್ರಧಾರಿಗಳು ಐದು ತಿಂಗಳು ನಿದ್ದೆಗೆಟ್ಟು ಕಲಿತಿದ್ದರು. ಇವೆಲ್ಲ ನೆಪ. ನಿಜವಾದ ಕಾರಣ ಬೇರೆ. ಆ ಊರಿನಲ್ಲಿ ನಮ್ಮ ಕೇರಿಯವರು ನಾಟಕ ನೋಡಬೇಕಾದರೆ ಬೇಲಿಯ ಆಚೆ ನಿಲ್ಲಬೇಕಿತ್ತು. ನಮ್ಮಪ್ಪ ಹಾಗೆ ನಿಂತು ನೋಡಿದ್ದ. ಅಂಥ ಊರಿನಲ್ಲಿ ರಂಗದ ಮುಂದೆ ಜಮಖಾನದ ಮೇಲೆ ನಾನು ಕೂತಿದ್ದೆ, ಅವರ ಮಕ್ಕಳು ನನ್ನ ಕಾಲು ಮುಟ್ಟಿ ರಂಗ ಹತ್ತಿದ್ದರು. ಬೆಳಗ್ಗೆ ಮಂಗಳ ಹಾಡಿದ ಮೇಲೆ ಮೇಷ್ಟ್ರಿಗೆ ಊರವರ ಸಮಕ್ಷಮ ಶಾಲು ಹೊದಿಸುತ್ತೇವೆ ಅಂತ ಊರಿನ ಯಜಮಾನ ಜಯದೇವಪ್ಪ ಮೈಕಿನಲ್ಲಿ ಹೇಳಿದ್ದ. ಆ ಶಾಲು ನನಗೆ ಬೇಕಾಗಿತ್ತು. ಮಗನಿಗಿಂತ ಹೆಚ್ಚಾಗಿ ಬೇಕಾಗಿತ್ತಾ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ಶಾಲು ಹೊದ್ದುಕೊಂಡೇ ಆಟೋ ಹತ್ತಿದೆ. ಅರ್ಧ ದಾರಿಯಲ್ಲಿ ಮಗುವಿನ ಕಿವಿಯಲ್ಲಿ ಹೇಳಿದೆ. "ಮಗಾ, ಜನ ದಾರಿ ಬಿಡ್ಲಿಲ್ಲ, ಮಂಗಳ ಆದ್ಮೇಲೆ ತಾತಂಗೆ ಹೇಳ್ದೆ ಅನ್ನು. ನಿಮ್ಮಮ್ಮಂಗೆ ಗೊತ್ತಾಗೋದು ಬ್ಯಾಡ."

ಅವಳು ಹಾಗೇ ಹೇಳಿದಳು. ಆಸ್ಪತ್ರೆಯ ಜಗಲಿಯಲ್ಲಿದ್ದ ನೆಂಟರಿಷ್ಟರೆಲ್ಲ ಅವಳ ಮೇಲೆ ಬಿದ್ದರು. ಕೂಗಿ ಹೇಳೋಕೆ ಬಾಯಿರಲಿಲ್ವಾ, ಬಣ್ಣದ ವೇಷ ನೋಡ್ಕೊಂಡು ಮೈ ಮರೆತ್ಯಾ ಅಂದರು. ಅವಳ ತಾಯಿಯೂ ಅಂದಳು, "ನಿಮ್ಮಪ್ಪನ್ನ ಇಲ್ಲಿ ಮಲಗ್ಸಿ ಅಲ್ಲಿ ನಾಟಕ ನೋಡ್ತಾ ನಿಂತಿದ್ಯೇನೇ?" ನಾನು ಅಲ್ಲೇ ನಿಂತಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಮಣ್ಣು ಮಾಡಿದ ಮೇಲೂ ಆ ಮಾತು ನಿಲ್ಲಲಿಲ್ಲ; ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ ಒಬ್ಬರಲ್ಲ ಒಬ್ಬರು ಅವಳನ್ನು ಹಾಗೇ ಗುರುತಿಸುತ್ತಿದ್ದರು. ಅವಳು ಹೋಗುವುದನ್ನೇ ಬಿಟ್ಟಳು. ನನ್ನ ಜೊತೆ ಮಾತನ್ನೂ ಬಿಟ್ಟಳು. ಊಟಕ್ಕೆ ಬನ್ನಿ, ಔಷಧಿ ತಗೊಳ್ಳಿ, ಅಷ್ಟೇ. ನೀನು ಅನ್ನುತ್ತಿದ್ದ ಮಗು ನೀವು ಅನ್ನತೊಡಗಿತು.

ಆದ್ದರಿಂದ ಮಂಜುಳಾ ತೀರ್ಪು ಕೇಳಿದಾಗ ನಾನು ಒಪ್ಪಿಕೊಂಡದ್ದು ಕಾರ್ಟೂನಿನ ಮೇಲಿನ ಪ್ರೀತಿಯಿಂದ ಅಲ್ಲ. ಮೊಮ್ಮಗಳ ಪಕ್ಕ ಕೂರಲು ಒಂದು ನೆಪ ಸಿಕ್ಕಿತ್ತು. ತಪ್ಪು ತೀರ್ಪು ಕೊಟ್ಟರೆ ಅವಳು ಇನ್ನು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಅಂತಲೂ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಮಂಜುಳಾ ಕಚೇರಿಗೆ ಹೋದ ಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಹೇಮಾಶ್ರೀ ತಿರುಗಿಯೂ ನೋಡಲಿಲ್ಲ.

"ಇದೇನಾ ಆ ಕಾರ್ಟೂನು?"

"ಕಾರ್ಟೂನ್ ಅಲ್ಲ. ಅನಿಮೆ ಅಂತಾರೆ. ದೊಡ್ಡೋರಿಗೆ ಮಾಡಿರೋದು. ಪ್ರಪಂಚದಲ್ಲೆಲ್ಲ ನೋಡ್ತಾರೆ."

"ಯಾವ ಭಾಷೆ?"

"ಮಾತು ಜಪಾನಿ. ಕೆಳಗೆ ಇಂಗ್ಲಿಷಲ್ಲಿ ಬರುತ್ತೆ."

"ನಂಗೆ ಎರಡೂ ಬರಾಕಿಲ್ಲ. ನೀನು ಕನ್ನಡದಲ್ಲಿ ಹೇಳು. ಅರ್ಥ ಆಗ್ದೆ ಅಂಕ ಹಾಕೋಕಾಗ್ತದಾ?"

ಸೀಡಿಗಳು ಒಲೆಗೆ ಹೋಗುತ್ತವೆ ಅನ್ನುವ ಹೆದರಿಕೆ ಅವಳಿಗೆ ಇರಬೇಕು. ಮೊದಲಿನಿಂದ ಹಾಕಿದಳು.

ಅದರ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ನಾನು ದೀಪದ ಹುಡುಗಿ ಅಂತ ಕರೆದೆ. ಒಟ್ಟು ಇಪ್ಪತ್ತಾರು ಭಾಗ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದರೆ ಒಂದು ಗಂಟೆಗೆ ಕರೆಂಟು ತೆಗೆಯುವವರೆಗೆ ದಿನಕ್ಕೆ ನಾಲ್ಕು ಭಾಗ ಆಗುತ್ತಿತ್ತು. ಕತೆ ಹೀಗೆ: ಯಾವಾಗಲೂ ಮಂಜು ಮುಸುಕಿದ ಒಂದು ಪಟ್ಟಣ. ಅಲ್ಲಿ ಸತ್ತವರಿಗೆ ತಾವು ಸತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ. ಸಂಜೆ ಕೆಲಸ ಮುಗಿಸಿ ಬಂದವರ ಹಾಗೆ ಮನೆಗೆ ಬಂದು ಬಾಗಿಲು ತಟ್ಟುತ್ತಾರೆ. ಯಾರಾದರೂ ಏಳು ದಿನದೊಳಗೆ ಅವರ ಮುಖಕ್ಕೆ ದೀಪ ಹಿಡಿದು, ನೀನು ಸತ್ತಿದ್ದೀಯ ಅಂತ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ಅವರು ರಾಕ್ಷಸರಾಗಿ ಮನೆಮಂದಿಯನ್ನೇ ತಿನ್ನುತ್ತಾರೆ. ಮನೆಯವರಿಗೆ ಆ ಮಾತು ಹೇಳಲು ನಾಲಿಗೆ ಏಳುವುದಿಲ್ಲ, ಯಾರಿಗೆ ತಾನೇ ಎದ್ದೀತು. ಅದಕ್ಕೇ ದೀಪ ಹಿಡಿಯುವ ಒಂದು ಪಂಗಡವಿದೆ. ಅದರಲ್ಲಿ ಹದಿನೈದರ ಒಬ್ಬಳು ಹುಡುಗಿ.

ಮೊದಲ ದಿನ ಹೇಮಾಶ್ರೀ ಒಂದೇ ಏಟಿಗೆ ಓದುತ್ತಾ ಹೋದಳು. ಅವನು ಹೋಗು ಅಂದ, ಅವಳು ಹೋಗಲ್ಲ ಅಂದಳು, ರಾಕ್ಷಸ ಬಂತು, ಹೀಗೆ. ನಾನು ತಡೆಯಲಾರದೆ ರೇಗಿದೆ. "ರೇಷನ್ ಅಂಗ್ಡಿ ಪಟ್ಟಿ ಓದ್ದಂಗೆ ಓದ್ಬ್ಯಾಡ ಕಣವ್ವ! ಅವನು ಅವಳಪ್ಪನ ವಯಸ್ಸಿನೋನು, ಹೆದ್ರಿಕೊಂಡು ಹೇಳ್ತಾ ಅವ್ನೆ. ಆ ಹೆದ್ರಿಕೆ ಎಲ್ಲೋಯ್ತು?" ಅವಳು ಮುಖ ಗಂಟಿಕ್ಕಿಕೊಂಡಳು. ಆದರೆ ಮೂರನೆಯ ದಿನ ಒಬ್ಬ ಮುದುಕನ ಮಾತು ಹೇಳುವಾಗ ಅವಳ ದನಿ ತಾನಾಗಿ ನಡುಗಿತು. ಮೂರು ವರ್ಷದ ಮೇಲೆ ಆ ದನಿ ಕೇಳಿದೆ ನಾನು. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಸೆಕೆ ಜಾಸ್ತಿ ಅಂದೆ.

ಅವಳು ಒಂದು ನೋಟ್ ಪುಸ್ತಕ ಇಟ್ಟುಕೊಂಡಿದ್ದಳು. ಇಂಟರ್‌ನೆಟ್‌ನಲ್ಲಿ ಇದರ ಬಗ್ಗೆ ಬರೆಯುತ್ತಾಳಂತೆ, ಯಾವುದು ಚೆನ್ನಾಗಿದೆ, ಯಾವುದು ಚೆನ್ನಾಗಿಲ್ಲ ಅಂತ. ನಾನು ಹೇಳಿದ್ದನ್ನೂ ಒಂದು ಕಡೆ ಗುರುತು ಹಾಕಿಕೊಳ್ಳುತ್ತಿದ್ದಳು.

ರಕ್ತಕ್ಕೆ ನಾನು ಅಂಕ ಕಳೆದೆ. "ಇದೇನ್ ರಕ್ತವಾ, ನಲ್ಲಿ ಬಿಟ್ಟವ್ರಾ? ಹಳೇಬೀಡಿನ ಗೋಡೆ ನೋಡಿದ್ದೀಯಲ್ಲ. ದೇವ್ರು ರಾಕ್ಷಸನ್ನ ತೊಡೆ ಮೇಲೆ ಮಲಗಿಸ್ಕೊಂಡು ಕರುಳು ಬಗೀತಾ ಐತೆ. ಒಂದು ತೊಟ್ಟು ರಕ್ತ ಕಾಣ್ತದಾ? ಆದ್ರೂ ನೋಡಿದೋನು ತನ್ನ ಹೊಟ್ಟೆ ಮುಟ್ಟಿ ನೋಡ್ಕೋತಾನೆ. ಕಲ್ಲು ಕೆತ್ತಿದೋನು ಕೈಗೆ ಕೆಲಸ ಕೊಟ್ಟವ್ನೆ, ಇವನು ಕೆಂಪು ಬಣ್ಣಕ್ಕೆ ಕೆಲಸ ಕೊಟ್ಟವ್ನೆ."

ಅದನ್ನು ಅವಳು ಬರೆದುಕೊಂಡಳು.

ಕಾದಾಟಕ್ಕೂ ಕಳೆದೆ. ಒಂದೇ ಕಾದಾಟ ಮೂರು ಭಾಗ ನಡೆಯಿತು. ಕತ್ತಿ ಎತ್ತಿದವನು ಎತ್ತಿಕೊಂಡೇ ತನ್ನ ಬಾಲ್ಯದ ಕತೆ ಹೇಳುತ್ತಾನೆ, ಎದುರಾಳಿ ಅಲ್ಲಿಯವರೆಗೆ ಬಾಯಿ ಬಿಟ್ಟುಕೊಂಡು ನಿಂತಿರುತ್ತಾನೆ.

"ನಿಮ್ಮ ನಾಟಕದಲ್ಲಿ ಬಾಣ ಬಿಡೋಕೆ ಮುಂಚೆ ಅರ್ಧ ಗಂಟೆ ಹಾಡಲ್ವಾ?" ಅಂದಳು.

ಮಾತು ನನ್ನ ಬುಡಕ್ಕೇ ಬಂತು. "ಸರಿ, ಆ ಅಂಕ ವಾಪಸ್ ಹಾಕ್ಕೋ" ಅಂದೆ. ಅವಳ ತುಟಿಯ ತುದಿ ಒಂಚೂರು ಮೇಲೆದ್ದು ಇಳಿಯಿತು.

ಆದರೆ ಕೊಡಬೇಕಾದ ಕಡೆ ಕೈ ಬಿಚ್ಚಿ ಕೊಟ್ಟೆ. ಆ ರಾಕ್ಷಸರನ್ನು ಮಾಡಿದವನು ಸಾಮಾನ್ಯನಲ್ಲ. ಬದುಕಿದ್ದಾಗ ಬಟ್ಟೆ ಹೊಲಿಯುತ್ತಿದ್ದ ಒಬ್ಬ ಮುದುಕಿ ರಾಕ್ಷಸಿಯಾಗಿರುತ್ತಾಳೆ. ಮೈಯೆಲ್ಲ ಬಾಯಿ. ಆದರೂ ಅವಳ ಬೆರಳುಗಳು ಗಾಳಿಯಲ್ಲಿ ಹೊಲಿಗೆ ಹಾಕುತ್ತಲೇ ಇರುತ್ತವೆ. ಅದನ್ನು ನೋಡಿ ಹೆದರಬೇಕೋ ಮರುಗಬೇಕೋ ಗೊತ್ತಾಗದೆ ಕೂತೆ. ಇನ್ನೊಂದು, ಆ ಬಾಗಿಲು. ಪ್ರತಿ ಸಲ ಬಾಗಿಲು ತೆಗೆಯುವ ಮುಂಚೆ ವಾದ್ಯವೆಲ್ಲ ನಿಂತುಹೋಗುತ್ತದೆ. ಬತ್ತಿ ಚಟಪಟ ಅನ್ನುವುದೊಂದೇ ಕೇಳುತ್ತದೆ. ನಾನಾಗಿದ್ದರೆ ಅಲ್ಲಿ ಒಂದು ರಾಗ ತುರುಕಿ ಕೆಡಿಸುತ್ತಿದ್ದೆ. ಹಾಗಂತ ಅವಳ ಹತ್ತಿರ ಒಪ್ಪಿಕೊಂಡೆ.

ಹದಿನೇಳನೆಯ ಭಾಗದಲ್ಲಿ ದೀಪದ ಹುಡುಗಿಯ ಮನೆಯ ಬಾಗಿಲನ್ನೇ ಯಾರೋ ತಟ್ಟಿದರು. ತೆಗೆದರೆ ಅವಳ ಅಪ್ಪ. ಗಣಿಯಲ್ಲಿ ಸತ್ತವನು, ಬುತ್ತಿಯ ಡಬ್ಬಿ ಹಿಡಿದುಕೊಂಡು ನಿಂತಿದ್ದಾನೆ. ನೂರಾರು ಮನೆಯ ಬಾಗಿಲಲ್ಲಿ ಆ ಮಾತು ಹೇಳಿದ ಹುಡುಗಿ ದೀಪವನ್ನು ಕೆಳಗಿಟ್ಟಳು. ಅಪ್ಪಾ, ಊಟಕ್ಕೆ ಹಾಕಲಾ ಅಂದಳು. ಆ ಮಾತನ್ನು ಕನ್ನಡದಲ್ಲಿ ಹೇಳುವಾಗ ಹೇಮಾಶ್ರೀ ನನ್ನ ಕಡೆ ನೋಡಲಿಲ್ಲ, ಗೋಡೆಯ ಮೇಲಿನ ಫೋಟೋದ ಕಡೆಯೂ ನೋಡಲಿಲ್ಲ.

ಅಲ್ಲಿಂದ ಆರು ಭಾಗ ಆ ಅಪ್ಪ ಮನೆಯಲ್ಲೇ ಕೂತಿರುತ್ತಾನೆ. ಹುಡುಗಿ ಅಡುಗೆ ಮಾಡಿ ಬಡಿಸುತ್ತಾಳೆ, ಕದ ಭದ್ರ ಮಾಡುತ್ತಾಳೆ, ಪಂಗಡದವರಿಗೆ ಸುಳ್ಳು ಹೇಳುತ್ತಾಳೆ. ಅವನ ಬೆನ್ನಿನ ಮೇಲೆ ಮುಳ್ಳು ಮೂಡುತ್ತಿರುವುದು ಅವಳಿಗೆ ಕಾಣುತ್ತದೆ, ಅಂಗಿ ಹೊದಿಸುತ್ತಾಳೆ. ಪಕ್ಕದ ಮನೆಯ ಮಕ್ಕಳು ಕಾಣೆಯಾಗುತ್ತಾರೆ. ಕೊನೆಗೆ ಇಪ್ಪತ್ಮೂರನೆಯ ಭಾಗದಲ್ಲಿ ದೀಪ ಎತ್ತಿ ಹೇಳಿಬಿಡುತ್ತಾಳೆ. ಅವನು, ಓ ಹೌದಾ ಅಂತಾನೆ. ಅಷ್ಟೇ. ಡಬ್ಬಿ ಇಟ್ಟು ಹೊರಟುಹೋಗುತ್ತಾನೆ. ಉಳಿದ ಮೂರು ಭಾಗ ಯುದ್ಧ. ಮಂಜು ಕರಗಿ ಬಿಸಿಲು ಬರುತ್ತದೆ, ಹುಡುಗಿ ದೀಪ ಹೊತ್ತುಕೊಂಡು ಇನ್ನೊಂದು ಊರಿನ ದಾರಿ ಹಿಡಿಯುತ್ತಾಳೆ, ಹಾಡು ಬರುತ್ತದೆ, ಮುಗಿಯಿತು.

ಏಳನೆಯ ದಿನ ಹನ್ನೊಂದು ಗಂಟೆಗೆ ಎಲ್ಲ ಮುಗಿದಿತ್ತು. ಅವತ್ತು ಭಾನುವಾರ, ಮಂಜುಳಾಗೆ ರಜ. ಒಳಗೆ ಅಡುಗೆ ಮಾಡುತ್ತಿದ್ದಳು. ಹೇಮಾಶ್ರೀ ಪುಸ್ತಕ ತೆಗೆದು, ಹೇಳಿ ಅಂದಳು.

ನಾನು ಕನ್ನಡಕ ತೆಗೆದು, ಸ್ಪರ್ಧೆಯ ವೇದಿಕೆಯ ಮೇಲೆ ಹೇಳುವ ಗತ್ತಿನಲ್ಲೇ ಶುರು ಮಾಡಿದೆ. "ಕತೆ ಗಟ್ಟಿ. ರಾಕ್ಷಸರ ಕಲ್ಪನೆಗೆ ಇಪ್ಪತ್ತೈದಕ್ಕೆ ಇಪ್ಪತ್ಮೂರು. ಮೌನ ಎಲ್ಲಿ ಇಡಬೇಕು ಅನ್ನೋದು ಗೊತ್ತೈತೆ, ಅದಕ್ಕೆ ಪೂರ್ತಿ. ರಕ್ತ ಜಾಸ್ತಿ, ಹುಡುಗಿ ಲಂಗ ಗಿಡ್ಡ, ಅದಕ್ಕೆ ಕಡಿಮೆ. ಇನ್ನು ಕೊನೇಲಿ ಯಾರೂ ಅಳಲ್ಲ. ಅಪ್ಪನ್ನ ಕಳಿಸಿದ ಮಗಳು ಒಂದು ಸಲ ಕೂತು ಗೋಳಾಡ್ಬೇಕಲ್ಲ, ಯುದ್ಧಕ್ಕೆ ಓಡ್ತಾಳೆ. ಅದು ದೊಡ್ಡ ತಪ್ಪು. ಅದಕ್ಕಿಂತ ದೊಡ್ಡದು ಆ ಆರು ಭಾಗ. ಸುಮ್ಮೆ ಎಳ್ದವ್ರೆ. ಮೊದಲ್ನೇ ದಿನವೇ ಹೇಳಿದ್ರೆ ಆ ಮಕ್ಕಳು ಉಳೀತಿದ್ವು. ಅಷ್ಟು ದಿನ ಬಾಯಿ ಮುಚ್ಕೊಂಡು ಯಾರಾದ್ರೂ ಇರ್ತಾರಾ? ನಂಬೋಂಗಿಲ್ಲ."

ಹೇಮಾಶ್ರೀ ಬರೆಯುವುದನ್ನು ನಿಲ್ಲಿಸಿದಳು.

"ನಂಬೋಂಗಿಲ್ವಾ?"

"ಇಲ್ಲ."

"ಅವಳು ಆರು ಎಪಿಸೋಡ್ ಸುಮ್ಮನಿದ್ಲು. ನಾನು ಮೂರು ವರ್ಷ ಇದ್ದೀನಿ ತಾತ." ದನಿ ಏರಿರಲಿಲ್ಲ. "ನೀನೇ ಹೇಳಿಕೊಟ್ಟ ಮಾತು. ಜನ ದಾರಿ ಬಿಡ್ಲಿಲ್ಲ. ಎಷ್ಟು ಸಲ ಹೇಳಿದೀನಿ ಗೊತ್ತಾ? ಅಜ್ಜಿ ಮನೇಲಿ, ಸ್ಕೂಲಲ್ಲಿ, ಅಮ್ಮನ ಆಫೀಸಿನೋರ ಹತ್ರ. ಹೇಳಿ ಹೇಳಿ ನಂಗೇ ಅನುಮಾನ ಬಂತು, ನಾನು ನಿಜವಾಗ್ಲೂ ವೇಷ ನೋಡ್ತಾ ನಿಂತ್ಕೊಂಡೆನಾ ಅಂತ. ಅದಕ್ಕೇ ಇದನ್ನ ಮತ್ತೆ ಮತ್ತೆ ನೋಡ್ತೀನಿ. ಇಪ್ಪತ್ಮೂರನೇದು ಬರುತ್ತಲ್ಲ, ಅವಳು ಹೇಳ್ಬಿಡ್ತಾಳಲ್ಲ, ಅದನ್ನ ನೋಡೋಕೆ."

ಮೂರು ವರ್ಷ ನಾನು ಅಂದುಕೊಂಡದ್ದೇ ಬೇರೆ: ಮಗ ಸತ್ತರೂ ಎದ್ದು ಬರದ ಕಲ್ಲೆದೆಯವನು ಅಂತ ಇವಳಿಗೆ ನನ್ನ ಮೇಲೆ ಹೇಸಿಗೆ, ಅದಕ್ಕೇ ಮಾತು ಬಿಟ್ಟಿದ್ದಾಳೆ. ಹೇಸಿಗೆಯಾದರೆ ಕಾಲ ಕಳೆದ ಹಾಗೆ ಹೋದೀತು ಅಂತ ಕಾದಿದ್ದೆ. ನನ್ನ ಸುಳ್ಳನ್ನು ಅವಳ ತಲೆಯ ಮೇಲೆ ಹೊರಿಸಿ ನಾನು ಹಗುರವಾಗಿ ಓಡಾಡಿಕೊಂಡಿದ್ದೆ ಅನ್ನುವುದು ಈ ಎಪ್ಪತ್ತೊಂದು ವರ್ಷದ ತಲೆಗೆ ಹೊಳೆದಿರಲಿಲ್ಲ. ಥೂ ಇದರ ಮನೆ ಹಾಳಾಗ, ಊರಿಗೆಲ್ಲ ಅಂಕ ಹಾಕಿದ ತಲೆ!

"ಅಮ್ಮಂಗೆ ಯಾಕೆ ಹೇಳ್ಲಿಲ್ಲ ಮಗಾ?"

"ಹೆಂಗೆ ಹೇಳ್ಲಿ? ಅವತ್ತಿಂದ ಅಮ್ಮ ಎಲ್ಲರ ಹತ್ರ ಹೇಳೋದು ಒಂದೇ. ಮಾವಂಗೆ ಗೊತ್ತಿದ್ದಿದ್ರೆ ಬರಿಗಾಲಲ್ಲಿ ಓಡಿ ಬರ್ತಿದ್ರು ಅಂತ. ಆ ಮಾತೊಂದನ್ನ ಇಟ್ಕೊಂಡು ಬದುಕ್ತಾ ಇದೆ ಅಮ್ಮ."

ಮಂಜುಳಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಕಂಪ್ಯೂಟರಿನ ಸದ್ದು ನಿಂತಿದ್ದನ್ನು ಕೇಳಿ ಬಂದಿರಬೇಕು. "ಮುಗೀತಾ ಮಾವ? ಏನು, ಒಳ್ಳೇದಾ ಕೆಟ್ಟದ್ದಾ?"

ನಾನು ಎದ್ದು ನಿಂತೆ. ಸೊಸೆಯ ಮುಂದೆ ಮಾವ ಎದ್ದು ನಿಲ್ಲುವುದನ್ನು ನೋಡಿ ಅವಳಿಗೆ ಗಾಬರಿಯಾಯಿತು.

"ಅದು ಒಳ್ಳೇದೇ ಕಣವ್ವ. ಕೆಟ್ಟೋನು ನಾನು. ಅವತ್ತು ಇವಳು ಬಂದ ತಕ್ಷಣ ಹೇಳಿದ್ಲು. ಹೆಗಲು ಮುಟ್ಟಿ, ಕಿವೀಲಿ ಹೇಳಿದ್ಲು. ಯಾರೂ ದಾರಿ ತಡೀಲಿಲ್ಲ. ನಾನೇ ಕೂರ್ಸಿ ನಾಟಕ ಮುಗಿಸ್ದೆ. ಹಿಂಗೆ ಸುಳ್ಳು ಹೇಳು ಅಂತ ಹೇಳಿಕೊಟ್ಟೋನೂ ನಾನೇ."

ಮಂಜುಳಾ ಮೊದಲು ನಂಬಲಿಲ್ಲ. ಮಗಳ ಮುಖ ನೋಡಿದಳು. ಹೇಮಾಶ್ರೀ ತಲೆ ತಗ್ಗಿಸಿದಳು. ಆಗ ಆ ತಾಯಿ ಹೋಗಿ ಮಗಳ ತಲೆಯನ್ನು ತನ್ನ ಹೊಟ್ಟೆಗೆ ಅವುಚಿಕೊಂಡು, "ನನ್ನ ಕಂದಾ, ನಿನ್ನ ಏನೆಲ್ಲ ಅಂದ್ಬಿಟ್ನಲ್ಲೇ, ಏನೆಲ್ಲ ಅಂದ್ಬಿಟ್ನಲ್ಲೇ" ಅಂತ ಅದನ್ನೇ ಹೇಳುತ್ತಾ ನಿಂತಳು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ಕಂಬದ ಹಾಗೆ ನಿಂತೇ ಇದ್ದೆ. ಅವರಿಬ್ಬರ ಹತ್ತಿರ ಹೋಗುವ ಯೋಗ್ಯತೆ ನನಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಮಂಜುಳಾ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಆಮೇಲೆ ಏನ್ ನುಡಿಸಿದ್ರಿ ಮಾವ?"

"ಯಾವಾಗವ್ವ?"

"ಇವಳು ಹೇಳಿದ್ಮೇಲೆ. ಯಾವ ಪದ ಇತ್ತು?"

ಅವಳಿಗೆ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಯುದ್ಧದಲ್ಲಿ ಸತ್ತ ಮಗನ್ನ ಮಡಿಲಲ್ಲಿ ಹಾಕ್ಕೊಂಡು ತಾಯಿ ಹಾಡೋದು. ಶೋಕದ ಪದ."

"ಪೂರ್ತಿ ಆಯ್ತಾ?"

"ಜನ ಒನ್ಸ್ ಮೋರ್ ಅಂದ್ರು. ಸತ್ತೋನು ಎದ್ದು ಮತ್ತೆ ಮಲಗಿದ. ಎರಡು ಸಲ ನುಡಿಸ್ದೆ."

ಅವಳು ಫೋಟೋದ ಕಡೆ ತಿರುಗಿದಳು. "ಇಲ್ಲಿ ಇವ್ರಿಗೆ ಯಾರೂ ಒಂದು ಪದ ಹಾಡ್ಲಿಲ್ಲ ಮಾವ. ನಂಗೆ ಹಾಡೋಕ್ ಬರಲ್ಲ. ಕಾಲು ಹಿಡ್ಕೊಂಡು ಕೂತಿದ್ದೆ. ನೀವು ಬಂದು ಹಾಡ್ತೀರಾ ಅಂತ ಕಾಯ್ತಿದ್ದೆ. ನೀವು ಬಂದು ಅದು ತನ್ನಿ ಇದು ತನ್ನಿ ಅಂತ ಕೆಲಸಕ್ಕೆ ನಿಂತ್ರಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಈಗ ಹಾಡಿ."

"ಬ್ಯಾಡ ಕಣವ್ವ."

"ಹಾಡಿ ಮಾವ. ಆ ಊರಿನೋರಿಗೆ ಎರಡು ಸಲ ನುಡಿಸಿದ್ರಲ್ಲ. ನಿಮ್ಮ ಮಗನಿಗೆ ಒಂದು ಸಲ ಹಾಡಿ."

ಹಾರ್ಮೋನಿಯಂ ತೆಗೆಯಲಿಲ್ಲ. ಫೋಟೋದ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಪದ ಎತ್ತಿದೆ. ಎತ್ತಿದ ಕೂಡಲೇ ಅಭ್ಯಾಸ ಕೈ ಹಿಡಿಯಿತು. ಎಲ್ಲಿ ಎಳೆಯಬೇಕು, ಎಲ್ಲಿ ದನಿ ಒಡೆಯಬೇಕು, ಎಲ್ಲಿ ಕೈ ಚಾಚಬೇಕು, ಎಲ್ಲ ತಾನಾಗಿ ಬಂತು. ಮೊದಲ ಸಾಲು ಬಹಳ ಚೆನ್ನಾಗಿ ಬಂತು. ಚೆನ್ನಾಗಿ ಬಂತು ಅಂತ ನನ್ನೊಳಗಿನ ತೀರ್ಪುಗಾರ ಅಂದುಕೊಂಡದ್ದೂ ನನಗೆ ಕೇಳಿಸಿತು.

"ಹಂಗಲ್ಲ," ಅಂದಳು ಮಂಜುಳಾ. "ಮಾವ, ಹಂಗಲ್ಲ."

ನಾನು ನಿಲ್ಲಿಸಿದೆ. ಅಡುಗೆಮನೆಯಲ್ಲಿ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು. ಹೇಮಾಶ್ರೀ ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ರಾಗ ಬಿಟ್ಟೆ, ಪದವನ್ನೂ ಬಿಟ್ಟೆ. ನನ್ನ ಮಗನನ್ನು ಹೆಸರು ಹಿಡಿದು ಕರೆದೆ. ರವೀ ಅಂತ ಕರೆದೆ. ಸ್ಕೂಲಿನಿಂದ ಬರುವುದು ತಡವಾದರೆ ಬೀದಿಯಲ್ಲಿ ನಿಂತು ಕರೆಯುತ್ತಿದ್ದ ಹಾಗೆ ಇನ್ನೊಂದು ಸಲ ಕರೆದೆ. ಮೂರನೆಯ ಸಲ ದನಿ ಬರಲಿಲ್ಲ. ನನ್ನ ಮಗ ಸತ್ತುಹೋಗಿದ್ದಾನೆ ಅನ್ನುವುದು ಆಗ ನನಗೆ ಗೊತ್ತಾಯಿತು, ನೆಲಕ್ಕೆ ಕೂತುಕೊಂಡು ಅತ್ತೆ.